ಸಿಂಗಾರಿಯ ಕೆಂಪು ಹರಳು

ಒಂದು ಊರು. ಊರಲ್ಲೊಂದು ಬೀದಿ. ಬೀದಿಯಲ್ಲೊಂದು ಬೆಳ್ಳಿ ಕೆಲಸದ ಅಂಗಡಿ. ಅಲ್ಲಿ ದಿನವೆಲ್ಲ ಟಕ್ ಟಕ್, ಟಕ್ ಟಕ್.

ಅಂಗಡಿ ಮೌನಾಚಾರ್ರದು. ಅವರ ಹತ್ತಿರ ಕೆಲಸ ಕಲಿಯೋಳು ಸಿಂಗಾರಿ. ತಂತಿ ಬಾಗಿಸೋದು ಕಲಿತಳು. ಬೆಸುಗೆ ಹಾಕೋದು ಕಲಿತಳು. ತನ್ನ ಮೊದಲ ಉಂಗುರ ಮಾಡಿದಳು. ಹರಳು ಕೂರಿಸೋದೊಂದೇ ಬಾಕಿ.

ಉಂಗುರ ದೊಡ್ಡಮ್ಮನಿಗೆ. ಸಿಂಗಾರಿಯನ್ನು ಎತ್ತಿ ಆಡಿಸಿ ಸಾಕಿದ ದೊಡ್ಡಮ್ಮನಿಗೆ. ಹರಳೂ ದೊಡ್ಡಮ್ಮನದೇ. ಮುರಿದ ಮೂಗುಬೊಟ್ಟಿನ ಕೆಂಪು ಹರಳು. ಅಂಥದ್ದು ಇನ್ನೊಂದಿಲ್ಲ.

ಸಿಂಗಾರಿ ಹರಳನ್ನು ಇಕ್ಕಳದಲ್ಲಿ ಹಿಡಿದಳು. ಹರಳು ಜಾರಿತು. ಟಿಣ್ ಅಂತ ಬಿತ್ತು. ಉರುಳಿ ಉರುಳಿ ಇಲಿ ಬಿಲಕ್ಕೆ ಹೋಯಿತು.

"ಇಲಿಯಣ್ಣ, ಇಲಿಯಣ್ಣ, ಹರಳು ಕೊಡು. ಹರಳು ಉಂಗುರಕ್ಕೆ, ಉಂಗುರ ದೊಡ್ಡಮ್ಮನಿಗೆ."

"ಹಸಿವು ಕಣಮ್ಮ. ಕಡಲೆಕಾಯಿ ತಾ, ಹರಳು ಕೊಡ್ತೀನಿ."

ಸಿಂಗಾರಿ ಓಡಿದಳು. ಬೀದಿ ಕೊನೆಯಲ್ಲಿ ಕಡಲೆಕಾಯಿ ಹುರಿಯೋ ನಂಜಜ್ಜಿ ಕೂತಿದ್ದಳು.

"ನಂಜಜ್ಜಿ, ನಂಜಜ್ಜಿ, ಕಡಲೆಕಾಯಿ ಕೊಡು. ಕಡಲೆಕಾಯಿ ಇಲಿಗೆ, ಹರಳು ಉಂಗುರಕ್ಕೆ, ಉಂಗುರ ದೊಡ್ಡಮ್ಮನಿಗೆ."

"ಒಲೆ ಆರಿದೆ ಮಗ. ಸೌದೆ ತಾ, ಹುರಿದು ಕೊಡ್ತೀನಿ."

ಸಿಂಗಾರಿ ಓಡಿದಳು. ಕೆರೆ ದಾರಿಯಲ್ಲಿ ಹುಣಸೆ ಮರ ನಿಂತಿತ್ತು.

"ಹುಣಸೆ ಮರ, ಹುಣಸೆ ಮರ, ಸೌದೆ ಕೊಡು. ಸೌದೆ ಅಜ್ಜಿಗೆ, ಕಡಲೆಕಾಯಿ ಇಲಿಗೆ, ಹರಳು ಉಂಗುರಕ್ಕೆ, ಉಂಗುರ ದೊಡ್ಡಮ್ಮನಿಗೆ."

"ಬೇರು ಒಣಗಿದೆ ಕೂಸೆ. ನೀರು ತಾ, ಒಣ ಕೊಂಬೆ ಉದುರಿಸ್ತೀನಿ."

ಸಿಂಗಾರಿ ಓಡಿದಳು. ಬಾವಿಗೆ ಬಗ್ಗಿ ಕೇಳಿದಳು.

"ಬಾವಿಯಮ್ಮ, ಬಾವಿಯಮ್ಮ, ನೀರು ಕೊಡು. ನೀರು ಮರಕ್ಕೆ, ಸೌದೆ ಅಜ್ಜಿಗೆ, ಕಡಲೆಕಾಯಿ ಇಲಿಗೆ, ಹರಳು ಉಂಗುರಕ್ಕೆ, ಉಂಗುರ ದೊಡ್ಡಮ್ಮನಿಗೆ."

"ನೀರು ಬೇಕಾದಷ್ಟಿದೆ ಮಗಳೇ. ಬಕೆಟ್ಟಿನ ಬಳೆ ಮುರಿದಿದೆ. ಹಗ್ಗ ಕಟ್ಟೋದೆಲ್ಲಿಗೆ? ಬಳೆ ತಾ, ನೀರು ಕೊಡ್ತೀನಿ."

ಸಿಂಗಾರಿ ಅಂಗಡಿಗೆ ವಾಪಸ್ ಓಡಿದಳು.

"ಆಚಾರ್ರೇ, ಆಚಾರ್ರೇ, ಬಳೆ ಮಾಡಿಕೊಡಿ. ಬಳೆ ಬಾವಿಗೆ, ನೀರು ಮರಕ್ಕೆ, ಸೌದೆ ಅಜ್ಜಿಗೆ, ಕಡಲೆಕಾಯಿ ಇಲಿಗೆ, ಹರಳು ಉಂಗುರಕ್ಕೆ, ಉಂಗುರ ದೊಡ್ಡಮ್ಮನಿಗೆ."

"ನಾನು ಮಾಡಲ್ಲ. ನೀನು ಮಾಡು."

"ನನಗೆ ಉಂಗುರ ಒಂದೇ ಬರೋದು."

"ಬಳೆ ಅಂದ್ರೆ ದೊಡ್ಡ ಉಂಗುರ ತಾನೆ? ತಾಮ್ರದ ತಂತಿ ಕೊಡ್ತೀನಿ, ತಗೋ."

ಸಿಂಗಾರಿಗೆ ಅಳು ಬಂತು. ಆದರೂ ಕೂತಳು. ತಂತಿ ಕಾಸಿದಳು. ತಂತಿ ಬಾಗಿಸಿದಳು. ಬೆಸುಗೆ ಇಟ್ಟಳು. ಊದುಗೊಳವೆ ಊದಿದಳು, ಉಫ್ ಉಫ್. ಎಳೆದು ನೋಡಿದಳು. ಕಿತ್ತು ಬಂತು.

ಮತ್ತೆ ಬಾಗಿಸಿದಳು. ಮತ್ತೆ ಬೆಸುಗೆ ಇಟ್ಟಳು. ಮತ್ತೆ ಊದಿದಳು, ಉಫ್ ಉಫ್. ಎಳೆದು ನೋಡಿದಳು. ಕಿತ್ತು ಬರಲಿಲ್ಲ.

ಬಳೆ ಬಾವಿಗೆ ಕೊಟ್ಟಳು. ಬಾವಿ ನೀರು ಕೊಟ್ಟಿತು.
ನೀರು ಮರಕ್ಕೆ ಹುಯ್ದಳು. ಮರ ಸೌದೆ ಕೊಟ್ಟಿತು.
ಸೌದೆ ಅಜ್ಜಿಗೆ ಕೊಟ್ಟಳು. ಅಜ್ಜಿ ಬಿಸಿ ಬಿಸಿ ಕಡಲೆಕಾಯಿ ಕೊಟ್ಟಳು.
ಕಡಲೆಕಾಯಿ ಇಲಿಗೆ ಕೊಟ್ಟಳು. ಇಲಿ ಕಟುಂ ಕುಟುಂ ತಿಂದಿತು. ಹರಳು ಕೊಟ್ಟಿತು.

ಹರಳು ಉಂಗುರದಲ್ಲಿ ಕೂರಿಸಿದಳು. ಸುತ್ತಲೂ ಅಂಚು ಒತ್ತಿದಳು. ಹರಳು ಅಲುಗಾಡಲಿಲ್ಲ.

ಸಂಜೆ ದೊಡ್ಡಮ್ಮ ಬಂದಳು. ಉಂಗುರ ಬೆರಳಿಗೆ ಹಾಕಿಕೊಂಡಳು. ಕಣ್ಣೊರೆಸಿಕೊಂಡಳು.

"ಚೆನ್ನಾಗಿದೆ ಕಣೆ. ಯಾರು ಮಾಡಿದ್ದು?"

'ನಾನು' ಅನ್ನೋಕೆ ಸಿಂಗಾರಿ ಬಾಯಿ ತೆರೆದಳು. ಅನ್ನಲಿಲ್ಲ. ನಿಧಾನವಾಗಿ ಹೇಳಿದಳು.

"ಆಚಾರ್ರು ತಂತಿ ಕೊಟ್ರು. ಬಾವಿ ನೀರು ಕೊಡ್ತು. ಮರ ಸೌದೆ ಕೊಡ್ತು. ಅಜ್ಜಿ ಕಡಲೆಕಾಯಿ ಕೊಟ್ಳು. ಇಲಿ ಹರಳು ಕೊಡ್ತು. ನಾನು ಕೂರಿಸಿದೆ ದೊಡ್ಡಮ್ಮ."

"ಹಾಗಾದ್ರೆ ನಡಿ. ಎಲ್ಲರಿಗೂ ತೋರಿಸಿ, ಕೈ ಮುಗಿದು ಬರೋಣ."

ಆಚಾರ್ರಿಗೆ ತೋರಿಸಿದರು. ಬಾವಿಗೆ ತೋರಿಸಿದರು. ಮರಕ್ಕೆ ತೋರಿಸಿದರು. ಅಜ್ಜಿಗೆ ತೋರಿಸಿದರು. ಇಲಿ ಮಾತ್ರ ಹೊರಗೆ ಬರಲಿಲ್ಲ. ದೊಡ್ಡಮ್ಮ ನೆಲಕ್ಕೆ ಕೂತು, ಬಿಲದೊಳಗೆ ಬೆರಳು ತೂರಿಸಿ ತೋರಿಸಿದಳು.

ಉಂಗುರ ದೊಡ್ಡಮ್ಮನ ಬೆರಳಿಗೆ. ಕತೆ ನಿಮ್ಮ ಕಿವಿಗೆ.