ಹರಿಗೋಲು ಎಂಬ ತಂಡ

ಶಿಷ್ಯ ಕೇಳಿದ: "ಗುರುಗಳೇ, ಕಾಲೇಜಿನ ಆಟದ ತಂಡಗಳು ಹುಲಿ, ಸಿಂಹ, ಗರುಡ ಅಂತ ಹೆಸರಿಟ್ಟುಕೊಳ್ಳುತ್ತವೆ. ನಮ್ಮ ಹುಡುಗರೂ ಒಂದು ಹೆಸರು ಹುಡುಕುತ್ತಿದ್ದಾರೆ. ಎಂಥ ಹೆಸರು ಜನರ ಮನಸ್ಸಿನಲ್ಲಿ ನಿಲ್ಲುತ್ತದೆ?"

ಗುರು ಒಂದು ಕತೆ ಹೇಳಿದರು:

ಹೊಳೆಯ ಈಚೆ ದಡದಲ್ಲಿ ಒಂದು ಕಾಲೇಜು. ಅದಕ್ಕೊಂದು ಕಬಡ್ಡಿ ತಂಡ. ಆಗ ಸೇತುವೆ ಇರಲಿಲ್ಲ. ಪಂದ್ಯವಿದ್ದ ದಿನ ಒಬ್ಬ ಅಂಬಿಗನ ಹೆಂಡತಿ ಹುಡುಗರನ್ನು ದುಂಡನೆಯ ಹರಿಗೋಲಿನಲ್ಲಿ ಆಚೆಗೆ ದಾಟಿಸುತ್ತಿದ್ದಳು. ಆಟ ಮುಗಿಯುವ ತನಕ ಆಚೆ ದಡದಲ್ಲೇ ಕೂತಿರುತ್ತಿದ್ದಳು. ಗೆದ್ದು ಬಂದರೂ ಅದೇ ಮಾತು, ಸೋತು ಬಂದರೂ ಅದೇ ಮಾತು: "ಹತ್ಕೊಳ್ರಪ್ಪಾ, ಅಲ್ಲಾಡದೆ ಕೂತ್ಕೊಳ್ಳಿ."

ಆಚೆ ಊರಿನವರು ನಗುತ್ತಿದ್ದರು. "ಹರಿಗೋಲು ಬಂತು ನೋಡ್ರೋ. ಇನ್ನು ಇದ್ದಲ್ಲೇ ಸುತ್ತುತ್ತೆ." ಹುಡುಗರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಹೆಸರನ್ನೇ ಅಂಗಿಯ ಮೇಲೆ ಬರೆಸಿಕೊಂಡರು.

ಸೇತುವೆ ಬಂತು. ಹರಿಗೋಲು ದಡದಲ್ಲಿ ಒಣಗಿ ಬಿರಿಯಿತು. ಆಮೇಲೆ ಅವಳೂ ತೀರಿಹೋದಳು. ಅಂಬಿಗ ಒಬ್ಬನೇ ಉಳಿದ. ಮನೆಯಲ್ಲಿ ಮಾತಿಲ್ಲ. ಪಂದ್ಯದ ದಿನ ಮೈದಾನದ ಅಂಚಿಗೆ ಬಂದು ನಿಲ್ಲುತ್ತಿದ್ದ. ಆಟ ಅವನಿಗೆ ಅಷ್ಟು ತಿಳಿಯದು. ನೂರು ಬಾಯಿ "ಹರಿಗೋಲು" ಅಂತ ಕೂಗುವುದನ್ನು ಕೇಳಿಕೊಂಡು ಮನೆಗೆ ಹೋಗುತ್ತಿದ್ದ. ಆ ದಿನ ಊಟ ಸೇರುತ್ತಿತ್ತು.

ಹೊಸ ಪ್ರಿನ್ಸಿಪಾಲರು ಬಂದರು. "ತೂತು ಬೀಳೋ ದೋಣಿ ಒಂದು ಹೆಸರೇನ್ರಪ್ಪಾ? ಇನ್ನು ಮೇಲೆ ಸಿಂಹ ಅಂತ ಇಟ್ಕೊಳ್ಳಿ" ಅಂದರು. ಹುಡುಗರನ್ನು ಮೈದಾನದಲ್ಲಿ ನಿಲ್ಲಿಸಿ ಒಪ್ಪಿಗೆ ಕೇಳಿದರು. ಸುದ್ದಿ ತಿಳಿದು ಅಂಬಿಗನೂ ಬಂದಿದ್ದ. ಬೇಲಿಯ ಗೂಟ ಹಿಡಿದು ನಿಂತಿದ್ದ. ಏನಾದರೂ ಹೇಳಬೇಕೆಂದು ಬಂದವನು. ಗೂಟವನ್ನೇ ಇನ್ನಷ್ಟು ಬಿಗಿಯಾಗಿ ಹಿಡಿದ.

ತಂಡದ ನಾಯಕ ತಲೆ ಕೆರೆದುಕೊಂಡ. ಅವನು ಹರಿಗೋಲು ಹತ್ತಿದವನೇ ಅಲ್ಲ.

"ಸಾರ್, ಗೆದ್ದ ದಿನ ಸಿಂಹ ಸರಿ. ಸೋತ ದಿನ ಸಿಂಹ ಅಂತ ಯಾವ ಮುಖ ಹೊತ್ಕೊಂಡು ಊರಿಗೆ ಬರೋದು? ಹರಿಗೋಲಾದ್ರೆ ಸೋತೋರನ್ನೂ ಕರ್ಕೊಂಡು ಬರುತ್ತೆ. ನಮ್ಮಪ್ಪ ಹಂಗೇ ಬರ್ತಿದ್ನಂತೆ. ಬಹಳ ಸಲ ಬಂದಿದ್ದಾನೆ."

ಹುಡುಗರು ನಕ್ಕರು. ಪ್ರಿನ್ಸಿಪಾಲರಿಗೂ ನಗು ಬಂತು. "ಹಾಗೇ ಇರಲಿ ಬಿಡಿ" ಅಂದರು.

ಅಂಬಿಗ ಗೂಟ ಬಿಟ್ಟ. ಅಂಗೈಯಲ್ಲಿ ಅದರ ಗುರುತು ಮೂಡಿತ್ತು. ಅಲ್ಲೇ ಹುಲ್ಲಿನ ಮೇಲೆ ಕೂತು, ಬಹಳ ದಿನದ ಮೇಲೆ ನಿರಾಳವಾಗಿ ಉಸಿರು ಬಿಟ್ಟ.

ಕತೆ ಮುಗಿಯಿತು. ಶಿಷ್ಯ ಕೇಳಿದ: "ಹಾಗಾದರೆ ಸಿಂಹಕ್ಕಿಂತ ಹರಿಗೋಲು ದೊಡ್ಡದೇ, ಗುರುಗಳೇ?"

ಗುರು ಹೇಳಿದರು: "ಸಿಂಹ ಯಾರಿಗಾಗಿಯೂ ದಡದಲ್ಲಿ ಕಾದು ಕೂತದ್ದಿಲ್ಲ."