ಹಿತ್ತಾಳೆ ಬೋರ್ಡು

"ಗುರುಗಳೇ, ಜಪ ಮಾಡಿದೆ, ಉಪವಾಸ ಮಾಡಿದೆ, ಮೌನವನ್ನೂ ಹಿಡಿದು ನೋಡಿದೆ. ಒಳಗೆ ಮಾತ್ರ ತಣ್ಣಗಾಗುತ್ತಿಲ್ಲ. ಇನ್ನೇನು ಮಾಡಲಿ?" ಎಂದು ಶಿಷ್ಯ ಕೇಳಿದ.

ಕೇಳುವಷ್ಟರಲ್ಲೇ ಅವನಿಗೆ ಸುಸ್ತಾಗಿತ್ತು. ಆಶ್ರಮದ ಹಿರಿಯ ಶಿಷ್ಯನೆಂಬ ಪದವಿ ಸಿಕ್ಕಿ ಒಂದು ತಿಂಗಳಾಗಿತ್ತು. ಅವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಅವನು ಕೂಗಾಡಿದ್ದು ಕೊಟ್ಟಿಗೆಯ ದನಗಳಿಗೂ ಕೇಳಿಸಿತ್ತು.

ಗುರುಗಳು ಕಣ್ಣುಜ್ಜಿಕೊಂಡು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿಗೆ ಒಂದು ಕಾರಿತ್ತು, ಕಾರಿಗೊಬ್ಬ ಡ್ರೈವರ್ ಇದ್ದ. ಅವರದು ಬಿಸಿಲ ಊರು. ವ್ಯಾಪಾರಿ ವರ್ತಕರ ಸಂಘಕ್ಕೆ ಅಧ್ಯಕ್ಷನಾದ. ಆದದ್ದೇ ತಡ, ಹೆಸರು, ಪದವಿ ಕೆತ್ತಿಸಿದ ಹಿತ್ತಾಳೆಯ ಬೋರ್ಡನ್ನು ಕಾರಿನ ಮೂತಿಗೆ ಅಡ್ಡಲಾಗಿ ಬಿಗಿಸಿದ. ಅದು ಮದುವೆಮನೆಯ ಪರಾತದಷ್ಟು ಅಗಲವಿತ್ತು. ಅಲ್ಲಿಂದಾಚೆ ಕಾರಿನ ಏಸಿ ತಂಪು ಕೊಡುವುದನ್ನು ಬಿಟ್ಟಿತು.

ಒಂದು ಗ್ಯಾರೇಜಿನಲ್ಲಿ ಗ್ಯಾಸ್ ತುಂಬಿಸಿದರು. ಇನ್ನೊಂದರಲ್ಲಿ ಕಂಪ್ರೆಸರ್ ಬದಲಾಯಿಸಿದರು. ಎಲ್ಲಿ ಹೋದರೂ ಮೆಕ್ಯಾನಿಕ್ ಮೊದಲು ಬೋರ್ಡು ಬಿಚ್ಚಿ ಪಕ್ಕಕ್ಕಿಡುತ್ತಿದ್ದ. ಕೆಲಸ ಮುಗಿಸಿ ಚಾಲೂ ಮಾಡಿದರೆ ಏಸಿ ತಣ್ಣಗೆ ಬೀಸುತ್ತಿತ್ತು. ವ್ಯಾಪಾರಿ ಖುಷಿಯಿಂದ ಬೋರ್ಡು ಹಾಕಿಸಿಕೊಂಡು ಹೊರಡುತ್ತಿದ್ದ. ರಸ್ತೆಗೆ ಬಂದರೆ ಮತ್ತೆ ಬಿಸಿ ಗಾಳಿ. ಮನೆ ಸೇರುವ ತನಕ ಮೆಕ್ಯಾನಿಕ್‌ನ ವಂಶವನ್ನೆಲ್ಲ ಬೈಯುತ್ತಿದ್ದ.

ಡ್ರೈವರ್ ಒಮ್ಮೆ ಹೇಳಿ ನೋಡಿದ. "ಯಜಮಾನ್ರೇ, ಮುಂದಿನ ಜಾಲರಿಯಿಂದ ಗಾಳಿ ಒಳಗೆ ಹೋದರೇನೇ ಏಸಿ ಕೂಲಿಂಗ್ ಆಗೋದು. ಬೋರ್ಡು ಅದರ ಮೂಗು ಮುಚ್ಚಿಬಿಟ್ಟಿದೆ."

"ನಿನಗೆ ಸ್ಟೇರಿಂಗ್ ಕೊಟ್ಟಿರೋದು ತಿರುಗಿಸೋಕೆ, ನನಗೆ ಬುದ್ಧಿ ಹೇಳೋಕಲ್ಲ," ಎಂದ ವ್ಯಾಪಾರಿ.

ಆಮೇಲೆ ಡ್ರೈವರ್ ಹೆಗಲ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಗಾಡಿ ಓಡಿಸಿದ. ಗೊತ್ತಿಲ್ಲದೆ ಬೇಯುವವನಿಗಿಂತ ಗೊತ್ತಿದ್ದೂ ಬೇಯುವವನಿಗೆ ಸುಸ್ತು ಜಾಸ್ತಿ.

ಬೇಸಿಗೆಯಲ್ಲಿ ವ್ಯಾಪಾರಿಯ ಹೆಂಡತಿಗೆ ದೂರದ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರು, "ಹೊಲಿಗೆ ಇನ್ನೂ ಹಸಿ ಇದೆ. ಬೆವರಲು ಬಿಡಬೇಡಿ, ತಂಪಾಗಿ ಕರೆದುಕೊಂಡು ಹೋಗಿ," ಎಂದರು.

ನಡು ಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಮಲಗಿದ್ದ ಆಕೆ ನರಳತೊಡಗಿದಳು. ಗಾಜು ಇಳಿಸಿದರೆ ಒಲೆಯ ಬಾಯಿ, ಏರಿಸಿದರೆ ಇಡ್ಲಿ ಪಾತ್ರೆ. ಡ್ರೈವರ್ ಯಾರನ್ನೂ ಕೇಳದೆ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದ. ಸ್ಪ್ಯಾನರ್ ತೆಗೆದು ಬೋರ್ಡು ಬಿಚ್ಚಿ ಡಿಕ್ಕಿಗೆ ಹಾಕಿದ. ಒಂದಷ್ಟು ದೂರ ಹೋಗುವುದರೊಳಗೆ ಕಾರು ತಣ್ಣಗಾಯಿತು. ಆಕೆಗೆ ನಿದ್ದೆ ಹತ್ತಿತು. ವ್ಯಾಪಾರಿ ಕಣ್ಣೊರೆಸಿಕೊಂಡ. ಡ್ರೈವರಿಗೆ ಇಷ್ಟು ದಿನದ ಸುಸ್ತೆಲ್ಲ ಇಳಿದಂತಾಯಿತು.

ಊರ ಮುಂದಿನ ಕಮಾನು ಕಾಣಿಸಿತು.

"ನಿಲ್ಲಿಸು," ಎಂದ ವ್ಯಾಪಾರಿ. "ಬೋರ್ಡು ಹಾಕು."

"ಅಮ್ಮಾವ್ರು ಈಗಷ್ಟೇ ನಿದ್ದೆ ಹೋಗಿದ್ದಾರೆ, ಯಜಮಾನ್ರೇ. ಪೇಟೆ ದಾಟಿದರೆ ಮನೆ."

"ಪೇಟೆ ಇದೆ ಅಂತಲೇ ಹೇಳ್ತಿರೋದು. ಬೋರ್ಡಿಲ್ಲದೆ ಹೋದರೆ ಜನ ಯಾರ ಕಾರು ಅಂದುಕೊಳ್ಳಬೇಕು?"

ಡ್ರೈವರ್ ಇಳಿದ. ಬೋರ್ಡು ಬಿಗಿಸಿದ. ಪೇಟೆಯಲ್ಲಿ ಗಾಡಿಗಳ ಸಾಲು ಅಲ್ಲಾಡದೆ ನಿಂತಿತ್ತು. ಅಂಗಡಿ ಅಂಗಡಿಯಿಂದಲೂ ನಮಸ್ಕಾರ ಬಂತು. ವ್ಯಾಪಾರಿ ಗಾಜು ಇಳಿಸಿ ಎರಡೂ ಕೈ ಎತ್ತಿ ಮುಗಿದ. ಹಿಂದೆ ಆಕೆಗೆ ಎಚ್ಚರವಾಯಿತು. ಉಟ್ಟ ಸೀರೆ ಬೆವರಿಗೆ ತೊಯ್ದಿತ್ತು.

"ರೀ," ಎಂದಳು, "ನಿಮ್ಮ ಮೆರವಣಿಗೆ ಮುಗಿದ ಮೇಲೆ ನನ್ನನ್ನು ಆಸ್ಪತ್ರೆಗೇ ಬಿಟ್ಟು ಬನ್ನಿ. ಅಲ್ಲಿ ಫ್ಯಾನಾದರೂ ಇತ್ತು."

ಹೊಲಿಗೆಯಲ್ಲಿ ಕೀವು ತುಂಬಿ, ಆಕೆ ನಿಜವಾಗಿಯೂ ಮತ್ತೆ ಅದೇ ಆಸ್ಪತ್ರೆ ಸೇರಿದಳು. ಹೋದದ್ದು ಅದೇ ಕಾರಿನಲ್ಲಿ. ಮುಂದೆ ಅದೇ ಬೋರ್ಡು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. "ಎಂಥ ಗುಗ್ಗು, ಗುರುಗಳೇ! ಕಟ್ಟಿಕೊಂಡ ಹೆಂಡತಿಗಿಂತ ಹೆಚ್ಚಾಯಿತೇ ಒಂದು ತಗಡು? ಕಿತ್ತು ಬಿಸಾಡಬಾರದಿತ್ತೇ?"

ಗುರುಗಳು ಆಕಳಿಸಿ ಕೇಳಿದರು: "ಬೆಳಿಗ್ಗೆ ಅಡುಗೆಯವನು ನಿನ್ನನ್ನು ಬರೀ ಹೆಸರು ಹಿಡಿದು ಕರೆದನಂತೆ, ಹೌದೇನಪ್ಪಾ?"