ಬಿರುಕು ಹಿಡಿದ ದಾರಿ

ಹೊಳೆಯ ದಂಡೆಯ ಮೇಲೆ ನೀಲವ್ವ ಎಂಬ ಮುದುಕಿಯ ಆಶ್ರಮವಿತ್ತು. ಅಲ್ಲಿ ದೇವರಿಲ್ಲ, ಭಜನೆಯಿಲ್ಲ, ಪ್ರಸಾದವಂತೂ ಇಲ್ಲವೇ ಇಲ್ಲ. ಬಣ್ಣ ಇತ್ತು, ಮರದ ಹಲಗೆಗಳಿದ್ದವು, ಚಿತ್ರ ಕಲಿಯಲು ಬಂದು ಹಿಂದಿರುಗಲು ಮರೆತ ಕೆಲವರಿದ್ದರು.

ನೀಲವ್ವ ಬರೆಯುತ್ತಿದ್ದುದು ಯಾವುದರ ಚಿತ್ರವೂ ಅಲ್ಲದ ಚಿತ್ರ. ಆನೆಯಿಲ್ಲ, ನವಿಲಿಲ್ಲ, ಕೊಡ ಹೊತ್ತ ಹೆಂಗಸಿಲ್ಲ. ಗೆರೆ, ಚುಕ್ಕೆ, ಬಣ್ಣ, ಅಷ್ಟೇ. ಇದೇನು ಅವ್ವ ಎಂದು ಯಾರಾದರೂ ಕೇಳಿದರೆ, ಇದು ನಿನ್ನೆ ಮಧ್ಯಾಹ್ನ ಬರೆದದ್ದು ಎಂದು ಹೇಳಿ ಕೈ ತೊಳೆಯಲು ಹೋಗುತ್ತಿದ್ದರು.

ಮುರಿಗೆಪ್ಪ ಅಲ್ಲಿಗೆ ಬಂದದ್ದು ಕಾಲೇಜಿನಿಂದ. ಅವನು ಭೌತಶಾಸ್ತ್ರ ಕಲಿಸುವ ಮಾಸ್ತರ. ಒಂದು ದಿನ ಕಾಗದದ ಕೆಳಗೆ ಅಯಸ್ಕಾಂತ ಹಿಡಿದು, ಮೇಲೆ ಕಬ್ಬಿಣದ ಪುಡಿ ಉದುರಿಸಿ ಹುಡುಗರಿಗೆ ತೋರಿಸುತ್ತಿದ್ದ. ಪುಡಿ ತಾನಾಗಿ ಸಾಲು ಕಟ್ಟಿ ಬಾಗಿ ನಿಂತಿತು. ಗಂಟೆ ಹೊಡೆಯಿತು, ಹುಡುಗರು ಹೋದರು, ಮುರಿಗೆಪ್ಪ ನೋಡುತ್ತಲೇ ಉಳಿದ. ಅದಾದ ಮೇಲೆ, ಅಂಥ ಗೆರೆಗಳನ್ನು ತಾನೂ ಬರೆಯಬೇಕೆಂದು, ದೊಡ್ಡ ರಜೆ ಹಾಕಿ ಹೊಳೆದಂಡೆಗೆ ಬಂದ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಚಿತ್ರ ಮುಗಿಸಿದವರು ಹಲಗೆಯ ಮುಖವನ್ನು ಗೋಡೆಗೆ ಮಾಡಿ ಪಡಸಾಲೆಯಲ್ಲಿ ತೂಗುಹಾಕಬೇಕು. ಬೆಳಿಗ್ಗೆ ಅವ್ವ ಬಂದು ಅದನ್ನು ತಿರುಗಿಸಿ ನೋಡುತ್ತಿದ್ದರು. ಹಲಗೆಯನ್ನು ಹಾಗೇ ಬಿಟ್ಟು ಹೋದರೆ ಬರೆದವರು ಚಿತ್ರಗಾರರಾದರು ಎಂದು ಲೆಕ್ಕ. ಮತ್ತೆ ಗೋಡೆಗೆ ತಿರುಗಿಸಿದರೆ ಇನ್ನೊಂದು ಬರೆಯಬೇಕು. ಇದರಲ್ಲಿ ಅವಮಾನವೇನೂ ಇರಲಿಲ್ಲ. ಪಡಸಾಲೆಯ ತುಂಬ ಹಲಗೆಗಳ ಬೆನ್ನೇ ಕಾಣುತ್ತಿತ್ತು.

ಮುರಿಗೆಪ್ಪ ಮೊದಲು ಹೊಳೆಯ ಹತ್ತಿರ ಕೂತ. ಎರಡೂ ಕೈಯಿಂದ ಒಟ್ಟಿಗೆ ಕಲ್ಲು ಎಸೆದು, ಎರಡು ಅಲೆಗಳ ಬಳೆಗಳು ಒಂದರೊಳಗೊಂದು ಹೊಕ್ಕು ದಾಟುವುದನ್ನು ನೋಡಿದ. ಎಲ್ಲಿ ಅಲೆ ಏರುತ್ತದೆ, ಎಲ್ಲಿ ಎರಡೂ ಸೇರಿ ಸುಮ್ಮನಾಗುತ್ತವೆ ಎಂಬುದನ್ನು ಕಣ್ಣಿನಲ್ಲೇ ಹಿಡಿದು ತಂದು ನೀಲಿಯಲ್ಲಿ ಬರೆದ. ಬಹಳ ಚೆನ್ನಾಗಿತ್ತು. ಅವನಿಗಂತೂ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅವ್ವ ಹಲಗೆ ತಿರುಗಿಸಿದರು. ನಿಂತಲ್ಲೇ ಒಂದು ಗಳಿಗೆ ನೋಡಿದರು.

"ಹೊಳಿ ಇಲ್ಲೇ ಐತಲ್ಲೋ ಮಾಸ್ತರ," ಎಂದರು. "ನೋಡಬೇಕಂದ್ರ ನಾ ದಂಡಿಗೆ ಹೋಗತೀನಿ. ಅಲ್ಲಿ ನೀರು ಅಳ್ಳಾಡತೈತಿ."

ಹಲಗೆ ಗೋಡೆಗೆ ತಿರುಗಿತು.

ಮುರಿಗೆಪ್ಪ ಯೋಚಿಸಿದ. ಕಂಡದ್ದನ್ನು ಬರೆಯಬಾರದು, ಕಂಡದ್ದರ ಹಿಂದಿನ ನಿಯಮವನ್ನು ಬರೆಯಬೇಕು. ಹೀಗೆ ಹೊಳೆದದ್ದೇ ತಡ, ಕೈವಾರ ಹಿಡಿದು ಕೂತ. ಸೂರ್ಯಕಾಂತಿ ಹೂವಿನೊಳಗೆ ಬೀಜಗಳು ಯಾವ ಕೋನದಲ್ಲಿ ತಿರುಗಿ ತಿರುಗಿ ಕೂರುತ್ತವೋ ಆ ಕೋನ ಅವನಿಗೆ ಬಾಯಿಪಾಠ. ಹೂವನ್ನು ಬಿಟ್ಟ, ಎಸಳು ಬಿಟ್ಟ, ಬರೀ ಕೋನ ಇಟ್ಟುಕೊಂಡು ಹಲಗೆಯ ತುಂಬ ಚುಕ್ಕೆ ಇಟ್ಟ. ಒಂದು ಚುಕ್ಕೆಯೂ ಆಚೀಚೆ ಆಗಲಿಲ್ಲ.

ಅವ್ವ ಈ ಸಲ ಹತ್ತಿರ ಬಂದು, ಕನ್ನಡಕ ಏರಿಸಿ ನೋಡಿದರು.

"ಇದರಾಗ ಎಲ್ಲೆರ ತಪ್ಪಿದೇನು?"

"ಎಲ್ಲೂ ತಪ್ಪಿಲ್ರಿ ಅವ್ವಾರ."

"ಬರೀಬೇಕಾದ್ರ, ಮುಂದ ಏನಾಗತೈತೋ ಅಂತ ಒಮ್ಮೆರ ಅನ್ನಿಸ್ತೇನು?"

"ಇಲ್ರಿ. ಎಲ್ಲಾ ಮೊದಲ ಗೊತ್ತಿತ್ತು."

"ಪಾಪ," ಎಂದರು ಅವ್ವ. "ಹಂಗಾರ ಭಾಳ ಬ್ಯಾಸರಾಗಿರಬೇಕು ನಿನಗ."

ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಆದರೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಹಲಗೆಯನ್ನು ತಾನೇ ಗೋಡೆಗೆ ತಿರುಗಿಸಿದ.

ಆಮೇಲೆ ಅವನು ಮಾಡಿದ್ದು ಓದಿಕೊಂಡವರು ಮಾತ್ರ ಮಾಡುವ ತಪ್ಪು. ಗುರುಗಳು ಗುಟ್ಟನ್ನು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ, ದಿನದ ಕೆಲಸದಲ್ಲಿ ಅಡಗಿಸಿಟ್ಟಿರುತ್ತಾರೆ ಎಂದು ಅವನು ಎಲ್ಲೋ ಓದಿದ್ದ. ಅವ್ವ ದಿನಾ ಬೆಳಿಗ್ಗೆ ಅಂಗಳವನ್ನು ಸಗಣಿ ಹಾಕಿ ಸಾರಿಸುತ್ತಿದ್ದರು. ಬಗ್ಗಿ ಕೈ ಬೀಸಿದರೆ ಒಂದು ಕಮಾನು, ಒಂದು ಹೆಜ್ಜೆ ಹಿಂದೆ ಸರಿದು ಬೀಸಿದರೆ ಅದರ ಮೇಲೊಂದು ಕಮಾನು. ಒಣಗಿದ ಮೇಲೆ ಅಂಗಳದ ತುಂಬ ಮೀನಿನ ಪೊರೆಯಂತೆ ಗೆರೆ ಮೂಡುತ್ತಿತ್ತು. ಇಷ್ಟು ದಿನ ಇದನ್ನು ತುಳಿದುಕೊಂಡು ಓಡಾಡಿದೆನಲ್ಲ ಎಂದು ಮುರಿಗೆಪ್ಪ ತಲೆ ಚಚ್ಚಿಕೊಂಡ.

ಅವ್ವ ಸ್ನಾನಕ್ಕೆ ಹೋದಾಗ ಅವನು ದಾರ ಹಿಡಿದು ಅಂಗಳದ ಕಮಾನುಗಳನ್ನು ಅಳೆದ. ಅವ್ವನ ತೋಳಿನ ಉದ್ದ ಸಿಕ್ಕಿತು. ಅಷ್ಟೇ ಉದ್ದದ ಬಿದಿರ ಕಡ್ಡಿಯಿಂದ ಒಂದು ಕೈವಾರ ಮಾಡಿದ. ಆಶ್ರಮದಲ್ಲಿ ಎಷ್ಟೋ ವರ್ಷದಿಂದ ಇದ್ದ ಕಸ್ತೂರಿ ಇದನ್ನೆಲ್ಲ ಅಡುಗೆಮನೆಯ ಕಿಟಕಿಯಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಮಾತ್ರ ಏನೂ ಹೇಳಲಿಲ್ಲ.

ಮೂರನೆಯ ಹಲಗೆಯ ತುಂಬ ಕೆಮ್ಮಣ್ಣಿನ ಕಮಾನುಗಳು. ಅವ್ವ ಅದನ್ನು ತಿರುಗಿಸಿದವರೇ ಕೈ ಎತ್ತಿ ಒಂದು ಕಮಾನಿನ ಮೇಲೆ ಬೀಸಿದರು. ಬೆರಳು ಗೆರೆಯ ಮೇಲೆಯೇ ಹೋಯಿತು. ಇನ್ನೊಂದರ ಮೇಲೆ ಬೀಸಿದರು. ಅದೂ ಹಾಗೆಯೇ. ಅವ್ವನಿಗೆ ನಗು ತಡೆಯಲಾಗಲಿಲ್ಲ.

"ಇದು ನನ್ನ ಕೈ ಆತು," ಎಂದರು. "ನಿನ್ನ ಕೈ ಉದ್ದ ಐತಲ್ಲೋ. ಅದನ್ಯಾಕ ಮಡಚಿಟ್ಟಿ?"

ಮುರಿಗೆಪ್ಪ ತನ್ನ ಕೈಯನ್ನು ನೋಡಿಕೊಂಡ. ಆದರೂ ಕೇಳಬೇಕಾದದ್ದನ್ನು ಕೇಳಿಯೇಬಿಟ್ಟ.

"ಅಂಗಳಾ ಸಾರಸೂದರಾಗ ಏನರ ಗುಟ್ಟು ಐತೇನ್ರಿ ಅವ್ವಾರ?"

"ಐತಿ," ಎಂದರು ಅವ್ವ ಗಂಭೀರವಾಗಿ. "ಸಾರಸಲಿಲ್ಲ ಅಂದ್ರ ಧೂಳ ಏಳತೈತಿ."

ಅಷ್ಟರಲ್ಲಿ ರಜೆ ಮುಗಿಯುತ್ತ ಬಂದಿತ್ತು. ಸೋಮವಾರ ಕಾಲೇಜಿಗೆ ಹಾಜರಾಗಬೇಕು, ಇಲ್ಲವಾದರೆ ಕೆಲಸ ಬಿಟ್ಟಂತೆ. ಭಾನುವಾರ ಮಧ್ಯಾಹ್ನ ಆಶ್ರಮದ ಹಿಂದಿನ ರಸ್ತೆಗೆ ಪಟ್ಟಣದ ಬಸ್ಸು ಬರುತ್ತಿತ್ತು. ಮುರಿಗೆಪ್ಪ ಮನಸ್ಸಿನಲ್ಲೇ ನಿರ್ಧಾರ ಮಾಡಿದ. ಇನ್ನೊಂದೇ ಹಲಗೆ. ಅದು ನಿಂತರೆ ತಾನೂ ನಿಲ್ಲುವುದು. ತಿರುಗಿದರೆ ಬಸ್ಸು ಹತ್ತುವುದು, ಇನ್ನು ಕುಂಚ ಮುಟ್ಟುವುದಿಲ್ಲ.

ಕೆಲಸ ಹೋಗುತ್ತದೆಂಬ ಹೆದರಿಕೆ ಅವನಿಗೆ ಅಷ್ಟಾಗಿ ಇರಲಿಲ್ಲ. ತಾನು ಅತ್ತ ವಿಜ್ಞಾನದವನೂ ಆಗಿ ಉಳಿಯಲಿಲ್ಲ, ಇತ್ತ ಚಿತ್ರಗಾರನೂ ಆಗಲಿಲ್ಲ ಎಂಬುದೇ ಅವನನ್ನು ತಿನ್ನುತ್ತಿತ್ತು. ಈ ಮಾತನ್ನು ಅವನು ಯಾರ ಹತ್ತಿರವೂ ಆಡಲಿಲ್ಲ.

ಈ ಸಲ ಒಣಗಿದ ಕೆರೆಯ ತಳದ ಬಿರುಕು ಬರೆಯಬೇಕೆಂದುಕೊಂಡ. ಲೆಕ್ಕ ಹಾಕಿ ಬರೆಯುವುದು, ಆದರೆ ಅಲ್ಲಲ್ಲಿ ಬೇಕೆಂದೇ ಒಂದೊಂದು ತಪ್ಪು ಮಾಡುವುದು. ಅವ್ವ ತಪ್ಪಿನ ಮಾತು ಎತ್ತಿದ್ದರಲ್ಲ.

ಅಲ್ಲಿಯ ರೂಢಿಯಂತೆ ಚಿತ್ರಕ್ಕೆ ಮೊದಲು ಹಲಗೆಗೆ ಹೊಳೆಯ ಜೇಡಿಮಣ್ಣನ್ನು ತೆಳ್ಳಗೆ ಬಳಿದು, ನೆರಳಲ್ಲಿ ಒಣಗಿಸಿ, ಮತ್ತೆ ಬಳಿದು ಒಣಗಿಸಬೇಕು. ಮುರಿಗೆಪ್ಪನಿಗೆ ಅಷ್ಟು ಪುರಸೊತ್ತೆಲ್ಲಿ? ಒಂದೇ ಏಟಿಗೆ ದಪ್ಪ ರೊಟ್ಟಿಯಷ್ಟು ಮಣ್ಣನ್ನು ಅಂಗೈಯಿಂದ ತಟ್ಟಿ ಬಿಸಿಲಿಗಿಟ್ಟ. ಇಷ್ಟು ದಪ್ಪ ಬಳಿದರೆ ಬಿರಿಯುತ್ತದೆ ಎಂದು ಕಸ್ತೂರಿ ಹೇಳಿದಳು. ಅವನ ಕಿವಿಗೆ ಬೀಳಲಿಲ್ಲ. ಅವನು ಬಿರುಕುಗಳ ಲೆಕ್ಕ ಮಾಡುವುದರಲ್ಲಿ ಮುಳುಗಿದ್ದ.

ಲೆಕ್ಕ ಮುಗಿಸಿ ಬಂದು ನೋಡುತ್ತಾನೆ, ಹಲಗೆಯ ಮಣ್ಣು ತಾನಾಗಿಯೇ ಬಿರಿದು ಕೂತಿದೆ. ಅವನ ಕಾಗದದ ಮೇಲಿನ ಬಿರುಕಿಗೂ ಹಲಗೆಯ ಮೇಲಿನ ಬಿರುಕಿಗೂ ಒಂದಕ್ಕೊಂದು ಸಂಬಂಧವಿಲ್ಲ.

ಅವನಿಗೆ ಅಳುವೇ ಬಂತು. ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಅವ್ವನ ಹತ್ತಿರ ಹೋಗಿ, ಎಲ್ಲ ಕೆಟ್ಟಿತು ಎಂದ.

"ಯಾರು ಕೆಡಿಸಿದ್ರು?"

"ಬಿಸಲಾಗ ಕೆಡ್ತ್ರಿ."

ಅವ್ವ ಸೊಪ್ಪು ಸೋಸುತ್ತ ಕೂತಿದ್ದರು. ತಲೆ ಎತ್ತಿ ಒಮ್ಮೆ ಹಲಗೆಯನ್ನೂ ಒಮ್ಮೆ ಅವನನ್ನೂ ನೋಡಿದರು.

"ಬಿಸಲು ಎಲ್ಲಾ ಕಡೆ ಒಂದ ಸಮ ಬಿದ್ದಿತ್ತಲ್ಲೋ," ಎಂದರು. "ಇಲ್ಲಿ ಯಾಕ ಬಿರೀತು? ಅಲ್ಲಿ ಯಾಕ ಇಲ್ಲ?"

ಇಷ್ಟು ಹೇಳಿ ಮತ್ತೆ ಸೊಪ್ಪು ಸೋಸತೊಡಗಿದರು.

ಇಂಥ ಪ್ರಶ್ನೆಯನ್ನು ಮುರಿಗೆಪ್ಪ ಹುಡುಗರಿಗೆ ಕೇಳುತ್ತಿದ್ದ, ಅವನಿಗೆ ಯಾರೂ ಕೇಳಿರಲಿಲ್ಲ. ಹಲಗೆಯನ್ನು ಅಂಗಳಕ್ಕೆ ತಂದಿಟ್ಟು, ಅದರ ಪಕ್ಕದಲ್ಲಿ ಮಂಡಿಯೂರಿ ಕೂತ.

ಹೊತ್ತು ಹೋದ ಹಾಗೆ ಕಾಣತೊಡಗಿತು. ಅವನು ಅವಸರದಲ್ಲಿ ತಟ್ಟಿದ ಕಡೆ ಮಣ್ಣು ತೆಳುವಾಗಿತ್ತು, ಅಲ್ಲಿ ಸಣ್ಣ ಸಣ್ಣ ಬಿರುಕು ಒತ್ತಾಗಿ ಎದ್ದಿದ್ದವು. ಅಂಗೈ ತಡೆದು ನಿಂತ ಕಡೆ ದಪ್ಪವಿತ್ತು, ಅಲ್ಲಿ ದೊಡ್ಡ ಬಿರುಕು ದೂರ ದೂರ ಸಾಗಿದ್ದವು. ಹೆಬ್ಬೆರಳು ಒತ್ತಿದ ಕಡೆಯಿಂದ ಒಂದು ಬಿರುಕು ಹೊರಟು ಅವನ ಕಿರುಬೆರಳಿನ ಗುರುತಿನವರೆಗೆ ಹೋಗಿತ್ತು. ಬಿಸಿಲು ಎಲ್ಲ ಕಡೆ ಒಂದೇ ಸಮನಾಗಿತ್ತು ನಿಜ. ಕೈ ಒಂದೇ ಸಮನಾಗಿರಲಿಲ್ಲ.

ಅವನು ಹಲಗೆಯ ಮೇಲೆ ನೀರು ಚಿಮುಕಿಸಿದ. ಬಿರುಕು ಮುಚ್ಚಿದವು. ಮತ್ತೆ ಒಣಗಲು ಬಿಟ್ಟ. ಮೊದಲು ಅವು ಒಂದಕ್ಕೊಂದು ನೆಟ್ಟಗೆ ಅಡ್ಡ ಬಂದು ಕೂಡಿದ್ದವು. ಈಗ ಕೂಡುವ ಮೂಲೆಗಳು ಸ್ವಲ್ಪ ಸಡಿಲವಾದವು. ಮತ್ತೆ ನೆನೆಸಿದ, ಮತ್ತೆ ಒಣಗಿಸಿದ. ಕೆಲವು ಕಡೆ ಮೂರು ಬಿರುಕು ಬಂದು ಜೇನುಗೂಡಿನ ಮೂಲೆಯ ಹಾಗೆ ಒಪ್ಪಂದ ಮಾಡಿಕೊಂಡವು. ಇದು ಹೀಗಾಗುತ್ತದೆಂದು ಅವನು ಓದಿದ್ದ. ಆದರೆ ತನ್ನ ಕೈಯ ಗುರುತಿನ ಮೇಲೆ ಆದಾಗ ಓದಿದ್ದೆಲ್ಲ ಹೊಸದಾಯಿತು.

ಆಮೇಲೆ ಅವನು ಸುಮ್ಮನಿರಲಿಲ್ಲ. ಕೆಮ್ಮಣ್ಣಿನ ನೀರನ್ನು ಬಿರುಕಿಗೆ ಬಿಟ್ಟು, ಅದು ಎಲ್ಲಿ ಹರಿಯುತ್ತದೆ, ಎಲ್ಲಿ ಮುನಿಸಿಕೊಂಡು ನಿಲ್ಲುತ್ತದೆ ಎಂದು ನೋಡಿದ. ಒಂದು ಮೂಲೆಗೆ ಒದ್ದೆ ಬಟ್ಟೆ ಹೊದಿಸಿ ಒಣಗುವುದನ್ನು ತಡೆದ. ಇನ್ನೊಂದು ಕಡೆ ಸುಣ್ಣದ ಗೆರೆ ಎಳೆದು, ಬಿರುಕು ಅದನ್ನು ದಾಟುತ್ತದೋ ಬಳಸಿಕೊಂಡು ಹೋಗುತ್ತದೋ ಎಂದು ಕಾದ. ಕೆಲವು ಸಲ ಅವನು ಅಂದುಕೊಂಡಂತೆ ಆಯಿತು, ಹಲವು ಸಲ ಆಗಲಿಲ್ಲ. ಆಗದಿದ್ದಾಗ ಅವನಿಗೆ ಇನ್ನೂ ಖುಷಿಯಾಗುತ್ತಿತ್ತು. ಊಟಕ್ಕೆ ಕರೆದರೆ ಬಂದೆ ಎನ್ನುತ್ತಿದ್ದ, ಬರುತ್ತಿರಲಿಲ್ಲ.

ಹೀಗೆ ಶನಿವಾರ ಹೋಯಿತು. ತೂಗುಹಾಕುವುದಿಲ್ಲವೇ ಎಂದು ಕಸ್ತೂರಿ ಕೇಳಿದಾಗ, ಈಗ ನೇತುಹಾಕಿದರೆ ಹಸಿಮಣ್ಣು ಕಳಚಿ ಬೀಳುತ್ತದೆ, ಒಣಗಲಿ ಎಂದ. ಒಣಗಲು ಅವನು ಬಿಟ್ಟರೆ ತಾನೇ.

ಭಾನುವಾರ ಬೆಳಿಗ್ಗೆ ಅವ್ವ ಪಡಸಾಲೆಗೆ ಬಂದು, ಖಾಲಿ ಮೊಳೆ ನೋಡಿ ಒಳಗೆ ಹೋದರು. ಮುರಿಗೆಪ್ಪ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದ. ಬಸ್ಸು ಬರುವವರೆಗೆ ಸ್ವಲ್ಪ ನೋಡೋಣವೆಂದು ಮತ್ತೆ ಅಂಗಳಕ್ಕೆ ಬಂದು ಕೂತ.

ಮಧ್ಯಾಹ್ನ ರಸ್ತೆಯ ಮೇಲೆ ಬಸ್ಸಿನ ಸದ್ದು ಕೇಳಿತು. ಕಸ್ತೂರಿ ಓಡಿಬಂದು ಹೇಳಿದಳು.

"ಬಸ್ ಬಂತು ನೋಡ್ರಿ. ಏಳ್ರಿ ಲಗೂನ."

"ಬಂದ್ನಿ," ಎಂದ ಮುರಿಗೆಪ್ಪ.

ಆ ಹೊತ್ತಿಗೆ ಸರಿಯಾಗಿ ಒಂದು ಬಿರುಕು ಕೂದಲೆಳೆಯಷ್ಟು ಸಣ್ಣಗೆ ಹೊರಟು ಸುಣ್ಣದ ಗೆರೆಯ ಹತ್ತಿರ ಬರುತ್ತಿತ್ತು. ಅದು ಅಲ್ಲೇ ನಿಂತಿತು. ಎಡಕ್ಕೆ ಹೋಗುವ ಹಾಗಿತ್ತು, ಬಲಕ್ಕೆ ಹೋಗುವ ಹಾಗೂ ಇತ್ತು. ಕಸ್ತೂರಿ ಇನ್ನೊಂದು ಸಲ ಕೂಗಿದಳು. ಅವನು ಕೈ ಎತ್ತಿ, ಒಂದೇ ನಿಮಿಷ ಎಂಬಂತೆ ಸನ್ನೆ ಮಾಡಿದ.

ಬಸ್ಸಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅದು ಹೊರಟುಹೋಯಿತು.

ಸದ್ದು ದೂರವಾದ ಮೇಲೆ ಮುರಿಗೆಪ್ಪ ತಲೆ ಎತ್ತಿದ. ಏನಾಯಿತೆಂದು ಆಗ ತಿಳಿಯಿತು. ಬಾಗಿಲ ಬಳಿಯ ಚೀಲ ನೋಡಿದ, ಖಾಲಿ ರಸ್ತೆ ನೋಡಿದ. ಭಯ ಎದ್ದಿತು. ಅದರ ಹಿಂದೆಯೇ, ಅವನು ಕರೆಯದಿದ್ದರೂ, ಒಂದು ಸಂತೋಷವೂ ಎದ್ದಿತು. ಯಾವುದನ್ನು ನಂಬಬೇಕೋ ಅವನಿಗೆ ತಿಳಿಯಲಿಲ್ಲ.

ಅವ್ವ ಒಳಗಿನಿಂದ ಬಂದು ಅವನ ಹಿಂದೆ ನಿಂತಿದ್ದರು.

"ಅವ್ವಾರ," ಎಂದ ಅವನು. "ಬಸ್ ಹೋತ್ರಿ. ಹಲಗೀನೂ ತೂಗಹಾಕಲಿಲ್ಲ. ಇದು ಇನ್ನೂ ಮುಗದಿಲ್ಲ, ಯಾವಾಗ ಮುಗಿತೈತೋ ಗೊತ್ತಿಲ್ಲ. ಇದು ಚಿತ್ರಾನೋ ಪ್ರಯೋಗಾನೋ ಅದೂ ಗೊತ್ತಿಲ್ಲ. ನಾ ಈಗ ಏನಾದ್ನಿ, ನೀವ ಹೇಳಬೇಕ್ರಿ."

ಅವ್ವನ ಕಣ್ಣು ಹಲಗೆಯ ಮೇಲಿತ್ತು. ಸುಣ್ಣದ ಗೆರೆಯ ಹತ್ತಿರ ನಿಂತಿದ್ದ ಬಿರುಕು ಒಂದು ಎಳ್ಳಿನಷ್ಟು ಮುಂದಕ್ಕೆ ಸರಿಯಿತು.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಹೆಗಲ ಮೇಲೆ ಕೈಯೂರಿ, ಅಂಗಳದಲ್ಲಿ ನಿಧಾನವಾಗಿ ಕೂತರು.

"ತುಸು ಅತ್ತಾಗ ಸರಿಯಪಾ," ಎಂದರು. "ನನಗ ಕಾಣವಲ್ದು."